ಮಳೆಯ ಹೊಳೆ, ಗೇಟಿನ ಹೊಳೆ

(ಕುಶಾಲನಗರದಲ್ಲಿ ರ‍್ಯಾಫ್ಟಿಂಗ್ ಗೈಡ್‌ಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಳೆಗಾಲದಲ್ಲಿ ಕೊಡಗಿನಲ್ಲಿ ಇಬ್ಬರು ಎದುರಾದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚು?" ಅಂತ. ಬೆಳಿಗ್ಗೆ ಎದ್ದು ಅಂಗಳದ ಮಳೆ ಮಾಪಕ ನೋಡಿ, ನಿನ್ನೆಯ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಡೈರಿಗೆ ಬರೆಯುವ ತೋಟದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಜ್ಜನ ಕಾಲದ ಡೈರಿ ಇಟ್ಟುಕೊಂಡವರೂ ಇದ್ದಾರೆ. ಹಾಗಾಗಿ ಮಳೆ ನೋಡಿ ಹೊಳೆಯನ್ನು ಅಂದಾಜು ಮಾಡುವುದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾಗಮಂಡಲದಲ್ಲಿ ರಾತ್ರಿಯೆಲ್ಲ ಸುರಿದರೆ ಬೆಳಿಗ್ಗೆ ನಾಪೋಕ್ಲು ಕಡೆ ಗದ್ದೆಗೆ ನೀರು ನುಗ್ಗುತ್ತದೆ, ಆಮೇಲೆ ದುಬಾರೆಯಲ್ಲಿ ಏರುತ್ತದೆ, ಆಮೇಲೆ ಕುಶಾಲನಗರ. ಇದು ನಿಮಗೆಲ್ಲ ಗೊತ್ತು.

ನಾನು ಇವತ್ತು ಮಾತಾಡುವುದು ಇನ್ನೊಂದು ಥರದ ಹೊಳೆಯ ಬಗ್ಗೆ. ಅಣೆಕಟ್ಟಿನ ಕೆಳಗಿನ ಹೊಳೆ. ಅಲ್ಲಿ ಆಕಾಶ ನೋಡಿ ಪ್ರಯೋಜನ ಇಲ್ಲ. ಅಲ್ಲಿ ಮಳೆ ಬರುವುದು ಗೇಟಿನಿಂದ.

ಈ ವಿಷಯ ಯಾಕೆ ಅಂದರೆ, ನಿಮ್ಮಲ್ಲಿ ಹಲವರು ಪ್ಯಾಡಲ್ ಹಿಡಿಯಲು ಕಲಿತದ್ದು ದುಬಾರೆಯಲ್ಲಿ. ಇನ್ನು ಕೆಲವರು ದಕ್ಷಿಣ ಕೊಡಗಿನ ಬರಪೊಳೆಯಲ್ಲಿ. ದುಬಾರೆಯ ಕಾವೇರಿ ಮೆತ್ತಗಿನ ಹೊಳೆ. ಬರಪೊಳೆ ಹಾಗಲ್ಲ, ಘಟ್ಟ ಇಳಿದು ಪಶ್ಚಿಮಕ್ಕೆ ಕೇರಳ ಸೇರುವ ಹೊಳೆ, ತುಂಬಿ ಹರಿಯುವಾಗ ಗ್ರೇಡ್ 4ರ ರ‍್ಯಾಪಿಡ್‌ಗಳಿರುವ ಹೊಳೆ. ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗವೇ ರ‍್ಯಾಪಿಡ್, ಅದರ ಕಷ್ಟವನ್ನು 1ರಿಂದ 6ರವರೆಗಿನ ಗ್ರೇಡ್‌ನಲ್ಲಿ ಹೇಳುತ್ತಾರೆ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ. ನಾವು ದೋಣಿ ಇಳಿಸುವ ಜಾಗದ ಮೇಲೆ ದೊಡ್ಡ ಅಣೆಕಟ್ಟು ಇಲ್ಲ. ಮಳೆ ಬಂದರೆ ಏರುತ್ತದೆ, ನಿಂತರೆ ಇಳಿಯುತ್ತದೆ. ಇಲ್ಲಿ ಕಣ್ಣು ಪಳಗಿಸಿಕೊಂಡ ಹುಡುಗರು ಸೀಸನ್ ಮುಗಿದ ಮೇಲೆ ಕೆಲಸ ಹುಡುಕಿಕೊಂಡು ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗುತ್ತಾರೆ. ಅಲ್ಲಿ ಕಾಳಿ ನದಿ, ಮೇಲೆ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ಬೇಸಿಗೆಯ ಉರಿಬಿಸಿಲಿನಲ್ಲೂ ಅಲ್ಲಿ ರ‍್ಯಾಫ್ಟಿಂಗ್ ನಡೆಯುವುದು ಅದರ ಪವರ್‌ಹೌಸ್‌ನಿಂದ ಬರುವ ನೀರಿನಿಂದ. ದುಬಾರೆಯ ಕಣ್ಣು ಅಲ್ಲಿ ಸಾಲದು. ಅಷ್ಟು ದೂರ ಯಾಕೆ, ನಮ್ಮ ಹಾರಂಗಿ ಹೊಳೆ ಇದೆಯಲ್ಲ, ಅದಕ್ಕೂ ಅಣೆಕಟ್ಟು ಇದೆ. ಇಲ್ಲಿಂದ ಸ್ವಲ್ಪ ದೂರದ ಕೂಡಿಗೆಯಲ್ಲಿ ಅದು ಕಾವೇರಿಗೆ ಸೇರುತ್ತದೆ. ಸಂಗಮದ ಮೇಲೆ ಕಾವೇರಿ ಮಳೆಯ ಹೊಳೆ. ಸಂಗಮದ ಕೆಳಗೆ ಅರ್ಧ ಮಳೆಯದು, ಅರ್ಧ ಗೇಟಿನದು. ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಮೊದಲು ಅಳತೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಕೇಳಲು ಸಣ್ಣದು. 1,000 ಕ್ಯುಸೆಕ್ ಅಂದರೆ ಪ್ರತಿ ಸೆಕೆಂಡಿಗೆ 28 ಟನ್ ನೀರು ನಿಮ್ಮ ಮುಂದೆ ಹಾದು ಹೋಗುತ್ತಿದೆ. 10,000 ಕ್ಯುಸೆಕ್ ಆದರೆ 283 ಟನ್. ಇನ್ನು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ 1 ಟಿಎಂಸಿ ಆಗುತ್ತದೆ. ಈ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಪತ್ರಿಕೆಯಲ್ಲಿ ದಿನಾ ಬರುವ ಜಲಾಶಯ ಮಟ್ಟದ ಪಟ್ಟಿ ಅರ್ಥವಾಗಲು ಇಷ್ಟು ಸಾಕು.

ಆ ಪಟ್ಟಿಯನ್ನು ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಹಾರಂಗಿ, ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ನದಿಗೆ ಇಷ್ಟು, ನಾಲೆಗೆ ಇಷ್ಟು. ಹೆಚ್ಚಿನವರು ಅಡಿಯ ಲೆಕ್ಕ ನೋಡಿ ಪತ್ರಿಕೆ ಮಡಚಿಡುತ್ತಾರೆ. ಅದು ಸಮುದ್ರ ಮಟ್ಟದಿಂದ ಜಲಾಶಯದ ನೀರಿನ ಎತ್ತರ. ಕೆಳಗಿನ ಹೊಳೆಯಲ್ಲಿ ಎಷ್ಟು ನೀರಿದೆ ಅಂತ ಅದು ಹೇಳುವುದಿಲ್ಲ. ಹೊಳೆಗೆ ಇಳಿಯುವವರಿಗೆ ಇವತ್ತು ಬೇಕಾದದ್ದು 'ನದಿಗೆ' ಅನ್ನುವ ಸಂಖ್ಯೆ. ಅದೂ ನೀವು ಓದುವಾಗ ಹಳೆಯದಾಗಿರುತ್ತದೆ. ಪತ್ರಿಕೆ ಅಚ್ಚಾದ ಮೇಲೆ ಗೇಟನ್ನು ಒಂದು ಅಡಿ ಎತ್ತಿದ್ದರೆ ನಿಮ್ಮ ಕೈಯಲ್ಲಿರುವ ಸಂಖ್ಯೆ ನಿನ್ನೆಯ ಹೊಳೆಯದು.

ಹಾಗಾದರೆ ಜಲಾಶಯದ ಮಟ್ಟ ನೋಡುವುದೇ ಬೇಡವಾ? ಬೇಕು. ಅದು ನಾಳೆಯ ಹೊಳೆ ಬಗ್ಗೆ ಹೇಳುತ್ತದೆ. ಇಲ್ಲಿ ಒಂದು ಲೆಕ್ಕ ಮಾಡೋಣ, ನನಗೆ ತುಂಬಾ ಇಷ್ಟವಾದ ಲೆಕ್ಕ. ಹಾರಂಗಿಗೆ ನೀರು ಕೊಡುವ ಪ್ರದೇಶ ಸುಮಾರು 420 ಚದರ ಕಿಲೋಮೀಟರ್. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಯ ಬೆಟ್ಟಗಳೆಲ್ಲ ಅದರೊಳಗೆ ಬರುತ್ತವೆ. ಅಷ್ಟೂ ಜಾಗದಲ್ಲಿ ಒಂದು ಇಂಚು ಮಳೆ ಬಿದ್ದು, ಅಷ್ಟೂ ನೀರು ಹರಿದು ಬಂದರೆ ಸುಮಾರು 0.38 ಟಿಎಂಸಿ. ಒಂದು ದಿನಕ್ಕೆ ಹಂಚಿದರೆ 4,300 ಕ್ಯುಸೆಕ್ ಚಿಲ್ಲರೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ದಿನಕ್ಕೆ ಐದು ಇಂಚು ನಮಗೆ ದೊಡ್ಡ ಸುದ್ದಿ ಅಲ್ಲ. ಐದು ಇಂಚಾದರೆ ದಿನಕ್ಕೆ 1.9 ಟಿಎಂಸಿ ಹತ್ತಿರ. ಹಾರಂಗಿಯ ಸಾಮರ್ಥ್ಯ 8.5 ಟಿಎಂಸಿ. ಅಂದರೆ ಪೂರ್ತಿ ಖಾಲಿ ಇದ್ದರೂ ಐದು ದಿನದಲ್ಲಿ ತುಂಬಿ ತುಳುಕುತ್ತದೆ. ಆಮೇಲೆ ಒಳಗೆ ಬಂದದ್ದೆಲ್ಲ ಹೊರಗೆ ಹೋಗಲೇಬೇಕು.

ಜೂನ್ ಮೊದಲ ವಾರದಲ್ಲಿ ಹೀಗಾಗುವುದಿಲ್ಲ. ಆಗ ಮಣ್ಣಿಗೆ ಬಾಯಾರಿಕೆ. ತೋಟದ ತರಗೆಲೆ, ಕಾಡಿನ ನೆಲ, ಒಣಗಿದ ಗದ್ದೆ ಮೊದಲ ನೀರನ್ನು ಕುಡಿದುಬಿಡುತ್ತವೆ. ಎರಡು ಇಂಚು ಸುರಿದರೂ ಹೊಳೆ ಅಷ್ಟಾಗಿ ಅಲುಗಾಡುವುದಿಲ್ಲ. ಜುಲೈ ಕೊನೆಗೆ ನೆಲ ನೆನೆದು ತಣಿದಿರುತ್ತದೆ. ಅದೇ ಎರಡು ಇಂಚು ಆಗ ನೇರವಾಗಿ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಜಲಾಶಯಕ್ಕೆ. ನಿಮ್ಮ ಮನೆಯ ಡೈರಿಯಲ್ಲಿ ಇಂಚು ಒಂದೇ ಇರಬಹುದು. ಹೊಳೆ ಅದನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತದೆ.

ಈಗ ಸೂಪಾ ನೋಡಿ. ಅದರ ಸಾಮರ್ಥ್ಯ ಸುಮಾರು 147 ಟಿಎಂಸಿ. ಹಾರಂಗಿ ಬಿಂದಿಗೆ ಆದರೆ ಅದು ಹಂಡೆ. ಇಡೀ ಮಳೆಗಾಲ ಸುರಿದರೂ ಅದು ತುಂಬುವುದು ಅಪರೂಪ. ಹಾಗಾಗಿ ಅಲ್ಲಿ ಕ್ರಸ್ಟ್ ಗೇಟ್ (ಅಣೆಕಟ್ಟು ತುಂಬಿದಾಗ ಎತ್ತುವ ಮೇಲಿನ ಗೇಟ್) ತೆಗೆಯುವುದಕ್ಕಿಂತ ಪವರ್‌ಹೌಸ್‌ನಿಂದ ನೀರು ಬರುವುದೇ ಜಾಸ್ತಿ. ಇದರಿಂದ ಹೊಳೆಯ ಸ್ವಭಾವವೇ ಬದಲಾಗುತ್ತದೆ. ಸೂಪಾ ಪವರ್‌ಹೌಸ್‌ನಲ್ಲಿ 50 ಮೆಗಾವಾಟ್‌ನ ಎರಡು ಯಂತ್ರ ಇವೆ. ಒಂದು ಓಡಿದರೆ ಒಂದು ಮಟ್ಟ, ಎರಡೂ ಓಡಿದರೆ ಇನ್ನೊಂದು ಮಟ್ಟ, ಎರಡೂ ನಿಂತರೆ ಬಂಡೆಗಳ ನಡುವೆ ಮಡು. ಮಳೆಯ ಹೊಳೆ ಇಳಿಜಾರಿನಂತೆ ಏರಿಳಿದರೆ ಪವರ್‌ಹೌಸ್ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಯಂತ್ರ ಓಡುವುದು ಕರೆಂಟಿನ ಬೇಡಿಕೆ ನೋಡಿಕೊಂಡು. ಬೆಂಗಳೂರಿನಲ್ಲಿ ಸಂಜೆ ದೀಪ ಹತ್ತಿದಾಗ ನೂರಾರು ಕಿಲೋಮೀಟರ್ ದೂರದ ಕಾಡಿನ ಹೊಳೆ ಏರಬಹುದು. ಆ ಹೊಳೆಯಲ್ಲಿರುವವನಿಗೆ ಮೋಡ ಕಾಣುವುದಿಲ್ಲ, ಗುಡುಗು ಕೇಳುವುದಿಲ್ಲ, ನೀರು ಕೆಂಪಾಗುವುದಿಲ್ಲ.

ಈ ಕೆಂಪು ನೀರಿನ ವಿಷಯಕ್ಕೆ ಸ್ವಲ್ಪ ಒತ್ತು ಕೊಡುತ್ತೇನೆ. ನಮಗೆ ಹಿರಿಯರು ಹೇಳಿಕೊಟ್ಟದ್ದು ಏನು? ನೀರಿನ ಬಣ್ಣ ತಿರುಗಿದರೆ, ತರಗೆಲೆ, ಕಡ್ಡಿ, ನೊರೆ ತೇಲಿ ಬಂದರೆ ಹೊಳೆಯಿಂದ ಎದ್ದು ಬಾ ಅಂತ. ಅದು ನೂರಕ್ಕೆ ನೂರು ಸರಿ, ಮಳೆಯ ಹೊಳೆಗೆ. ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಮಣ್ಣು ತಳಕ್ಕೆ ಕೂತಿರುತ್ತದೆ. ಯಂತ್ರದಿಂದ ಬರುವ ನೀರು ತಿಳಿಯಾಗಿಯೇ ಬರುತ್ತದೆ. ಆಳದಿಂದ ಬಂದರೆ ತಣ್ಣಗೂ ಇರುತ್ತದೆ. ಹಾಗಾಗಿ ಗೇಟಿನ ಹೊಳೆ ಏರುವಾಗ ನಿಮಗೆ ಕಾಣುವುದು ಅದೇ ತಿಳಿ ನೀರು, ಸ್ವಲ್ಪ ಜಾಸ್ತಿ, ಆಮೇಲೆ ಇನ್ನೂ ಸ್ವಲ್ಪ ಜಾಸ್ತಿ. ಕಾಲು ಇಳಿಬಿಟ್ಟು ಕೂತವನಿಗೆ ಮೊಣಕಾಲಿನ ಹತ್ತಿರ ಇದ್ದಕ್ಕಿದ್ದಂತೆ ತಣ್ಣಗಾದರೆ ಅದನ್ನು ಎಚ್ಚರಿಕೆ ಅಂತಲೇ ತಿಳಿದುಕೊಳ್ಳಬೇಕು.

ಹಾಗಾದರೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದು ಹೇಗೆ? ನಾನು ಮಾಡುವುದು ಇಷ್ಟು. ದೋಣಿಗೆ ಗಾಳಿ ತುಂಬಿಸುವ ಮೊದಲು ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ಸರಿಯಾಗಿ ಊರುತ್ತೇನೆ. ಅಲೆ ಬಡಿಯುವ ಕಡೆ ಅಲ್ಲ, ನೀರು ಸುಮ್ನೆ ನಿಂತಂತೆ ಇರುವ ಎಡ್ಡಿಯ, ಅಂದರೆ ದಡದ ಅಥವಾ ಬಂಡೆಯ ಮರೆಯ ಸುಳಿನೀರಿನ, ಮೂಲೆಯಲ್ಲಿ. ಆಮೇಲೆ ಗಾಳಿ ತುಂಬಿಸಿ, ಲೈಫ್ ಜಾಕೆಟ್ ಎಲ್ಲರಿಗೂ ಬಿಗಿದು, ಪಾಠ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಆಗ ಕಡ್ಡಿ ನೋಡುತ್ತೇನೆ. ಕಡ್ಡಿ ನೀರಿನೊಳಗೆ ಹೋಗಿದ್ದರೆ ಹೊಳೆ ಏರುತ್ತಿದೆ. ಕಡ್ಡಿಯ ಮುಂದೆ ಒದ್ದೆ ಮರಳಿನ ಪಟ್ಟಿ ಕಾಣಿಸಿದರೆ ಇಳಿಯುತ್ತಿದೆ.

ಬಂಡೆಯನ್ನೂ ನೋಡಿ. ಇಳಿಯುತ್ತಿರುವ ಹೊಳೆಯಲ್ಲಿ ನೀರಿನ ಮೇಲೆ ಬಂಡೆಗೆ ಒಂದು ಒದ್ದೆ ಪಟ್ಟಿ ಇರುತ್ತದೆ. ಪಟ್ಟಿಯ ಮೇಲಿನ ಅಂಚು ಬಿಸಿಲಿಗೆ ಒಣಗುತ್ತಾ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಕೆಳಗೆ ಕಪ್ಪಗೆ ಮಿರುಗುತ್ತಿರುತ್ತದೆ. ಏರುತ್ತಿರುವ ಹೊಳೆಯಲ್ಲಿ ಆ ಪಟ್ಟಿ ಇಲ್ಲ. ಒಣ ಬಂಡೆಗೆ ನೇರವಾಗಿ ನೀರು ಮುಟ್ಟಿರುತ್ತದೆ. ಬಂಡೆಯ ಬಿರುಕಿನಲ್ಲಿದ್ದ ಒಣ ಎಲೆ, ಇರುವೆ, ಜೇಡದ ಬಲೆ ಎಲ್ಲ ಆಗಷ್ಟೇ ತೇಲಲು ಶುರುವಾಗಿರುತ್ತವೆ. ಇರುವೆಗಳು ಸಾಲಾಗಿ ಮೇಲೆ ಹತ್ತುವುದು ಕಂಡರೆ ಇನ್ನೇನೂ ನೋಡಬೇಕಾಗಿಲ್ಲ. ಮಳೆ ಬರುತ್ತಿದ್ದರೆ ಬಂಡೆಯ ಪಾಠ ನಡೆಯುವುದಿಲ್ಲ, ಎಲ್ಲವೂ ಒದ್ದೆ. ಆಗ ಕಡ್ಡಿಯೇ ಗತಿ.

ಸದ್ದನ್ನೂ ಕೇಳಿ. ನೀರು ಕಡಿಮೆ ಇದ್ದಾಗ ರ‍್ಯಾಪಿಡ್‌ಗೆ ಚೂಪು ದನಿ, ನೂರು ಕಲ್ಲಿಗೆ ನೂರು ಸದ್ದು. ಕಲ್ಲುಗಳು ಮುಳುಗುತ್ತಾ ಬಂದಂತೆ ಆ ದನಿಗಳು ಒಂದೊಂದಾಗಿ ನಿಂತು ಒಂದೇ ದಪ್ಪ ಮೊರೆತ ಉಳಿಯುತ್ತದೆ.

ಈಗ ತುಂಬಾ ಜನ ತಪ್ಪು ತಿಳಿದಿರುವ ಒಂದು ವಿಷಯ. ನೀರು ಕಡಿಮೆ ಅಂದರೆ ಸುಲಭ, ಜಾಸ್ತಿ ಅಂದರೆ ಕಷ್ಟ, ಅಷ್ಟೇ ಅಲ್ವಾ ಅಂತ ಕೇಳುತ್ತಾರೆ. ಅಷ್ಟೇ ಅಲ್ಲ. ಹೊಳೆಯ ನಡುವೆ ಒಂದು ಬಂಡೆ ಇದೆ ಅಂತ ಇಟ್ಟುಕೊಳ್ಳಿ. ನೀರು ಕಡಿಮೆ ಇದ್ದಾಗ ಅದು ಕಣ್ಣಿಗೆ ಕಾಣುತ್ತದೆ, ಪಕ್ಕದಲ್ಲಿ ದಾಟುತ್ತೀರಿ. ಸ್ವಲ್ಪ ಏರಿದಾಗ ನೀರು ಬಂಡೆಯ ಮೇಲಿಂದ ಬಿದ್ದು ಅದರ ಹಿಂದೆ ಮಗುಚಿ ವಾಪಸ್ ಮೇಲಕ್ಕೇ ತಿರುಗುತ್ತದೆ. ಅದನ್ನೇ ನಾವು ಹೋಲ್ ಅನ್ನುವುದು. ದೋಣಿಯನ್ನು ಹಿಡಿದು ನಿಲ್ಲಿಸುವ ಜಾಗ ಅದು. ಮೇಲಿನಿಂದ ಬರುವವನಿಗೆ ಕಾಣುವುದು ಒಂದು ನುಣ್ಣನೆಯ ಉಬ್ಬು ಮಾತ್ರ. ಇನ್ನೂ ಏರಿದರೆ ಬಂಡೆ ಆಳಕ್ಕೆ ಹೋಗಿ ಆ ಹೋಲ್ ಒಂದು ದೊಡ್ಡ ಅಲೆಯಾಗಿ ಬದಲಾಗಬಹುದು, ದೋಣಿ ಹತ್ತಿ ಇಳಿದು ಹೋಗುತ್ತದೆ. ಹಾಗಾಗಿ ಒಂದೇ ರ‍್ಯಾಪಿಡ್ ಒಂದು ಮಟ್ಟದಲ್ಲಿ ಸಾಧು, ನಡುವಿನ ಮಟ್ಟದಲ್ಲಿ ಕೆಟ್ಟದ್ದು, ಅದಕ್ಕಿಂತ ಮೇಲೆ ಮತ್ತೆ ಸರಾಗ. ಆದರೆ ಸರಾಗ ಅಂತ ನಂಬಿ ಹೋದರೆ ಇನ್ನೊಂದು ತೊಂದರೆ. ಆ ಮಟ್ಟದಲ್ಲಿ ದಡದ ಎಡ್ಡಿಗಳೆಲ್ಲ ಮುಚ್ಚಿಹೋಗಿರುತ್ತವೆ. ನಿಲ್ಲಲು ಜಾಗ ಇಲ್ಲ, ಬಿದ್ದವರನ್ನು ಎತ್ತಿಕೊಳ್ಳಲು ಸಮಯ ಇಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ದೇಹವನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗೇಟಿನ ಹೊಳೆಯಲ್ಲಿ ಇದೆಲ್ಲ ಒಂದೇ ಮಧ್ಯಾಹ್ನದಲ್ಲಿ ಆಗಿಬಿಡಬಹುದು. ಮೊದಲ ಟ್ರಿಪ್‌ನಲ್ಲಿ ದಾಟಿದ ರ‍್ಯಾಪಿಡ್ ಎರಡನೇ ಟ್ರಿಪ್‌ಗೆ ಬೇರೆಯೇ ರ‍್ಯಾಪಿಡ್. ಬೆಳಿಗ್ಗೆ ನೋಡಿದ್ದೇನೆ ಅನ್ನುವ ಮಾತನ್ನು ಅಲ್ಲಿ ಯಾರಿಂದಲೂ ಒಪ್ಪಬೇಡಿ. ಮತ್ತೆ ಇಳಿದು, ದಡದಲ್ಲಿ ನಡೆದು, ನೋಡಿ ಬನ್ನಿ.

ಗಿಡಗಳ ಬಗ್ಗೆಯೂ ಹೇಳಬೇಕು. ಬರಪೊಳೆಯಂಥ ಹೊಳೆಯನ್ನು ಪ್ರತಿ ಮಳೆಗಾಲ ನೆರೆ ಬಂದು ತೊಳೆದು ಹೋಗುತ್ತದೆ. ಅಣೆಕಟ್ಟಿನ ಕೆಳಗೆ ಅಂಥ ನೆರೆ ಕಡಿಮೆ. ಹೊಳೆಯ ನಡುಗಡ್ಡೆಗಳಲ್ಲಿ ಪೊದೆ, ಮರ ನೆಮ್ಮದಿಯಾಗಿ ಬೆಳೆಯುತ್ತವೆ. ನೀರು ಬಿಟ್ಟಾಗ ಹೊಳೆ ಅವುಗಳ ನಡುವೆಯೇ ನುಗ್ಗುತ್ತದೆ. ನೀರು ಕೊಂಬೆಗಳ ಸಂದಿಯಲ್ಲಿ ತೂರಿ ಹೋಗುತ್ತದೆ, ಮನುಷ್ಯ ತೂರುವುದಿಲ್ಲ. ಬಂಡೆಗೆ ಬಡಿದರೆ ಹಿಂದಿನಿಂದ ಬರುವ ನೀರು ತಳ್ಳಿ ಬಿಡಿಸಬಹುದು. ಕೊಂಬೆಗೆ ಸಿಕ್ಕರೆ ಹಿಂದಿನಿಂದ ಬರುವ ನೀರು ಇನ್ನೂ ಒತ್ತುತ್ತದೆ. ನನಗೆ ದೊಡ್ಡ ಅಲೆಗಿಂತ ನೀರಿನಲ್ಲಿ ಬಾಗಿದ ಒಂದು ಹೊಳೆಮತ್ತಿ ಕೊಂಬೆಯ ಭಯವೇ ಜಾಸ್ತಿ.

ಇನ್ನು ಸಮಯ. ಗೇಟ್ ತೆಗೆದ ಕ್ಷಣಕ್ಕೆ ನೀರು ನಿಮ್ಮ ಹತ್ತಿರ ಬರುವುದಿಲ್ಲ. ಏರಿಕೆ ಗಂಟೆಗೆ ಆರೇಳು ಕಿಲೋಮೀಟರ್ ವೇಗದಲ್ಲಿ ಬರುತ್ತದೆ ಅಂತ ಇಟ್ಟುಕೊಂಡರೆ, ಹತ್ತು ಕಿಲೋಮೀಟರ್ ಕೆಳಗಿರುವವರಿಗೆ ಒಂದೂವರೆ ಗಂಟೆ ಸಿಗುತ್ತದೆ. ಈ ವೇಗ ಎಲ್ಲ ಹೊಳೆಗೂ ಒಂದೇ ಅಲ್ಲ. ಹೊಳೆ ಒಣಗಿದ್ದರೆ ಮಡು, ಗುಂಡಿ ತುಂಬಿಸಿಕೊಂಡು ನಿಧಾನವಾಗಿ ಬರುತ್ತದೆ. ಆಗಲೇ ನೀರು ಇದ್ದರೆ ಇನ್ನೂ ಬೇಗ ಬರುತ್ತದೆ. ನಿಮ್ಮ ಹೊಳೆಗೆ ಎಷ್ಟು ಅಂತ ನೀವೇ ಬರೆದಿಡಬೇಕು. ಸೈರನ್ ಎಷ್ಟು ಗಂಟೆಗೆ, ಕಡ್ಡಿ ಮುಳುಗಿದ್ದು ಎಷ್ಟು ಗಂಟೆಗೆ. ಮಳೆಯ ಡೈರಿಯ ಪಕ್ಕದಲ್ಲಿ ಇದಕ್ಕೂ ಒಂದು ಕಾಲಂ ಇರಲಿ. ಇದರಲ್ಲಿ ಒಂದು ವಿಚಿತ್ರ ಇದೆ. ಬಿಟ್ಟ ನೀರಿನ ಜೊತೆ ಹೊರಟು ಜೋರಾಗಿ ಪ್ಯಾಡಲ್ ಹಾಕಿದರೆ ನೀರಿಗಿಂತ ಮುಂದೆ ಹೋಗಿಬಿಡುತ್ತೀರಿ. ಮುಂದೆ ಬರೀ ಕಲ್ಲು, ದೋಣಿಯ ತಳ ಉಜ್ಜುತ್ತದೆ. ಆಗ ದಡಕ್ಕೆ ಬಂದು ಕಾಯಬೇಕು, ನೀರೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಸೇತುವೆಯ ಗೇಜ್ ಬಗ್ಗೆ ಒಂದು ಮಾತು. ಸೇತುವೆಯ ಕಂಬದಲ್ಲಿ ಬಣ್ಣದಲ್ಲಿ ಬರೆದ ಅಳತೆಯ ಪಟ್ಟಿಯಲ್ಲಿ ನೀರು ಒಂದು ಅಡಿ ಏರಿತು ಅಂದರೆ ಎಲ್ಲ ಕಡೆ ಒಂದು ಅಡಿ ಏರಿದೆ ಅಂತಲ್ಲ. ಇಲ್ಲಿ ಕೊಪ್ಪ ಸೇತುವೆ ಹತ್ತಿರ ಹೊಳೆ ಅಗಲ. ಅಷ್ಟೇ ನೀರು ಎರಡು ಬಂಡೆಗಳ ನಡುವೆ ಇಕ್ಕಟ್ಟಾದ ಕಡೆ ಮೂರು ಅಡಿ ಏರಬಹುದು. ಹಾಗಾಗಿ ಒಂದು ಜಾಗದ ಅಳತೆಯನ್ನು ಅದೇ ಜಾಗದ ಹಿಂದಿನ ಅಳತೆ ಜೊತೆ ಮಾತ್ರ ಹೋಲಿಸಿ. ಇನ್ನೂ ಒಂದು. ಸಂಗಮದಲ್ಲಿ ಹಾರಂಗಿ ತುಂಬಿ ಬಂದರೆ ಕಾವೇರಿಯ ನೀರು ಸರಾಗವಾಗಿ ಮುಂದೆ ಹೋಗದೆ ಹಿಂದಕ್ಕೆ ಏರುತ್ತದೆ. ಆಗ ಮೇಲೆ ಮಟ್ಟ ಜಾಸ್ತಿ, ಹರಿವು ನಿಧಾನ. ಬರೀ ಅಡಿ ನೋಡುವವನಿಗೆ ಇದು ಗೊತ್ತಾಗುವುದಿಲ್ಲ.

ಹೇಳಲು ಕಷ್ಟವಾಗುವ ಒಂದು ಘಟನೆ. 2014ರ ಜೂನ್ 8ರ ಸಂಜೆ, ಹಿಮಾಚಲ ಪ್ರದೇಶದ ಬಿಯಾಸ್ ನದಿ. ಹೈದರಾಬಾದಿನಿಂದ ಪ್ರವಾಸಕ್ಕೆ ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೊಳೆಯ ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲೆ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಮತ್ತು ಅವರ ಜೊತೆಗಿದ್ದ ಒಬ್ಬರು ಕೊಚ್ಚಿಹೋದರು. ನಿಮ್ಮದೇ ವಯಸ್ಸಿನ ಮಕ್ಕಳು. ಅವರು ಈಜಲು ಇಳಿದಿರಲಿಲ್ಲ, ರ‍್ಯಾಫ್ಟಿಂಗ್‌ಗೂ ಹೋಗಿರಲಿಲ್ಲ. ಮೇಲೆ ಅಣೆಕಟ್ಟು ಇದೆ, ಈ ಬಂಡೆ ಇನ್ನು ಸ್ವಲ್ಪ ಹೊತ್ತಿಗೆ ಹೊಳೆಯೊಳಗೆ ಇರುತ್ತದೆ ಅಂತ ಅವರಿಗೆ ಹೇಳುವವರು ಅಲ್ಲಿ ಇರಬೇಕಿತ್ತು. ನಿಮ್ಮ ಹೋಮ್‌ಸ್ಟೇಗೆ ಬರುವ ಅತಿಥಿಗಳಿಗೆ ಅದನ್ನು ಹೇಳುವವರು ನೀವೇ.

ಹೊರಗಿನ ದೇಶಗಳಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗಾಲಿ ಅನ್ನುವ ನದಿ ಇದೆ. ಚಳಿಗಾಲಕ್ಕೆ ಮೊದಲು ಮೇಲಿನ ಸಮರ್ಸ್‌ವಿಲ್ ಜಲಾಶಯವನ್ನು ತಗ್ಗಿಸಲೇಬೇಕು. ಆ ನೀರನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಿನ ಗೊತ್ತು ಮಾಡಿ ಬಿಡುತ್ತಾರೆ, ಸುಮಾರು 2,800 ಕ್ಯುಸೆಕ್. ಯಾವ ದಿನ ಅಂತ ಮೊದಲೇ ಪ್ರಕಟ ಆಗಿರುತ್ತದೆ. ಊರಿಗೆ ಊರೇ ಅದರಿಂದ ಬದುಕುತ್ತದೆ. ಟೆನ್ನೆಸ್ಸಿಯ ಓಕೋಯಿ ನದಿಯಲ್ಲಿ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸ್ಲಾಲಮ್ (ತೂಗುಬಿಟ್ಟ ಕಂಬಗಳ ನಡುವೆ ದೋಣಿ ಓಡಿಸುವ) ಸ್ಪರ್ಧೆ ನಡೆಯಿತು. ಆ ಭಾಗದಲ್ಲಿ, ಹೊಳೆಗೆ ನೀರು ಬಿಡದ ದಿನಗಳಲ್ಲಿ, ನೀರು ಪವರ್‌ಹೌಸ್‌ಗೆ ಹೋಗಿ ಹೊಳೆ ಒಣಗಿರುತ್ತದೆ. ನಮ್ಮಲ್ಲೂ ಅಷ್ಟೆಲ್ಲ ಆಗಲಿ ಅಂತ ನಾನು ಕೇಳುತ್ತಿಲ್ಲ. ನಮ್ಮ ಅಣೆಕಟ್ಟುಗಳ ಮೊದಲ ಕೆಲಸ ಗದ್ದೆಗೆ ನೀರು, ಊರಿಗೆ ನೀರು. ನಾನು ಕೇಳುವುದು ಸುದ್ದಿಯನ್ನು ಮಾತ್ರ. ಎಷ್ಟು ಗಂಟೆಗೆ, ಎಷ್ಟು ಕ್ಯುಸೆಕ್, ಏರಿಸುತ್ತಾ ಹೋಗುತ್ತಾರಾ ಇಳಿಸುತ್ತಾರಾ. ಈ ಮೂರು ವಿಷಯ ಗೇಟ್ ಅಲುಗಾಡುವ ಮೊದಲು ಕೆಳಗಿನ ಪ್ರತಿ ಪಂಚಾಯಿತಿಯ, ಪ್ರತಿ ರ‍್ಯಾಫ್ಟಿಂಗ್ ಗುಂಪಿನ ಮೊಬೈಲ್‌ಗೆ ಬರಬೇಕು. ಅದು ಬಟ್ಟೆ ಒಗೆಯುವ ಅಕ್ಕಂದಿರಿಗೂ ಬೇಕು, ಗಾಳ ಹಾಕುವವರಿಗೂ ಬೇಕು, ದನ ದಾಟಿಸುವವರಿಗೂ ಬೇಕು.

ಕೊನೆಗೆ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ: "ಸರ್, ಸಣ್ಣ ಕಿಂಡಿ ಅಣೆಕಟ್ಟು ಅಡ್ಡ ಬಂದರೆ ದೋಣಿಯಲ್ಲೇ ಹಾರಿಸಬಹುದಾ? ಮೂರು ಅಡಿ ಎತ್ತರವೂ ಇರುವುದಿಲ್ಲ."

ಬೇಡ. ಬಂಡೆಯ ಹಿಂದಿನ ಹೋಲ್‌ಗೆ ಎರಡು ಬದಿ ತೆರೆದಿರುತ್ತದೆ, ಪಕ್ಕಕ್ಕೆ ಹೊರಳಿ ಬರಬಹುದು. ಕಟ್ಟೆಯ ಕೆಳಗಿನ ಹೋಲ್ ದಡದಿಂದ ದಡಕ್ಕೆ ಒಂದೇ ಸಮ ಇರುತ್ತದೆ. ಎರಡು ಬದಿಗೂ ಕಾಂಕ್ರೀಟ್ ಗೋಡೆ. ಲೈಫ್ ಜಾಕೆಟ್ ಹಾಕಿದವನನ್ನೂ ಅದು ಮತ್ತೆ ಮತ್ತೆ ಕಟ್ಟೆಯ ಬುಡಕ್ಕೇ ಎಳೆಯುತ್ತದೆ. ಕಾಪಾಡಲು ಹೋದವರೂ ಅದರೊಳಗೆ ಸಿಕ್ಕಿಬೀಳುತ್ತಾರೆ. ಮೇಲಿನಿಂದ ನೋಡಿದರೆ ಹೊಳೆಗೆ ಅಡ್ಡ ಒಂದು ನೇರ ಗೆರೆ ಕಾಣುತ್ತದೆ, ಅಷ್ಟೇ. ಆ ಗೆರೆ ಕಂಡ ಕೂಡಲೇ ದಡಕ್ಕೆ ಬನ್ನಿ, ದೋಣಿ ಹೊತ್ತು ನಡೆದು ದಾಟಿ. ದೋಣಿ ಎತ್ತಲು ಜಾಗ ಯಾವ ದಡದಲ್ಲಿದೆ ಅಂತ ಹಿಂದಿನ ದಿನವೇ ಹೋಗಿ ನೋಡಿಟ್ಟುಕೊಳ್ಳಿ. ನೀರು ಏರಿದ ಮೇಲೆ ಆ ಜಾಗ ಉಳಿಯುತ್ತದಾ ಅಂತಲೂ ನೋಡಿ.